ರಾಮಣ್ಣ ಪ್ಯಾಡು ಕೊಡಿಸಿದ್ದು

ಚನ್ನರಾಯಪಟ್ಟಣದ ರಾಮಣ್ಣ ಯಾವುದಾದರೂ ಸಾಮಾನನ್ನು ಅಂಗಡಿಯವನು ಹೇಳಿದ ಬೆಲೆಗೇ ತಂದನೆಂದರೆ, ಆವತ್ತು ಅವನಿಗೆ ಜ್ವರವಿರಬೇಕು ಎಂದು ಬೀದಿಯವರು ತಿಳಿದುಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ದಂಡಿಗನಹಳ್ಳಿ ಹೋಬಳಿಯಲ್ಲೆಲ್ಲ ದನದ ದಳ್ಳಾಳಿ ಮಾಡಿದ ಮನುಷ್ಯ. ಟವೆಲಿನ ಅಡಿಯಲ್ಲಿ ಎದುರಿನವನ ಬೆರಳು ಹಿಡಿದು, ಬಾಯಲ್ಲಿ ಮಳೆ ಬೆಳೆ ಮಾತಾಡುತ್ತ, ಜೋಡಿ ಎತ್ತಿನ ಬೆಲೆಯನ್ನು ಐದು ಸಾವಿರ ಇಳಿಸಿಬಿಡುತ್ತಿದ್ದ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಮಗನ ಜೊತೆ ಪೇಟೆ ಸೇರಿದ. ವಿದ್ಯೆ ತುಕ್ಕು ಹಿಡಿಯಬಾರದಲ್ಲ, ಈಗ ಅದನ್ನು ಸೊಪ್ಪಿನ ಮಾದಮ್ಮನ ಮೇಲೆ ಮಸೆಯುತ್ತಿದ್ದ. "ನಮ್ಮನೆಯೋನು ಕೊತ್ತಂಬ್ರಿ ಕಟ್ಟಿಗೂ ಹಲ್ಲೆಣಿಸೋ ಗಂಡು" ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮ ಹೇಳುತ್ತಿದ್ದಳು. ಹೇಳುವಾಗ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು.

ಆ ಮನೆಗೆ ಹಾಕಿ ಆಟ ನುಗ್ಗಿದ್ದು ಮೊಮ್ಮಗಳು ಸ್ನೇಹಲತಾಳಿಂದ. ಹಾಸನದ ಕಾಲೇಜಿನಲ್ಲಿ ಎರಡನೇ ಪಿಯುಸಿ. ದಿನಾ ಬೆಳಿಗ್ಗೆ ಆರೂಕಾಲಿನ ಬಸ್ಸು. ಗೋಲ್‌ಕೀಪರ್. ಕಾಲೇಜು ಕೊಟ್ಟಿದ್ದ ಪ್ಯಾಡುಗಳು ಅವಳಿಗಿಂತ ವಯಸ್ಸಿನಲ್ಲಿ ಹಿರಿಯವು. ಒಂದರ ಪಟ್ಟಿ ಕಿತ್ತು ಹೋಗಿ ಚಪ್ಪರದ ಹಗ್ಗದಲ್ಲಿ ಕಟ್ಟಿದ್ದರು. ಹೀಗಾಗಿ ಅವಳು ಅಲ್ಲಿ ಗೋಲು ಕಾಯುತ್ತಿದ್ದಳು, ಮನೆಯವರು ಇಲ್ಲಿ ಅವಳ ಗೋಳು ಕೇಳುತ್ತಿದ್ದರು.

ಶ್ರಾವಣ ಮುಗಿದ ವಾರ, ರಾತ್ರಿ ಊಟಕ್ಕೆ ಕೂತಾಗ ಸ್ನೇಹ ಮೆಲ್ಲಗೆ ಮಾತು ತೆಗೆದಳು.

"ಅಪ್ಪ, ಬಳ್ಳಾರಿ ಟೂರ್ನಮೆಂಟಿಗೆ ನಾನೇ ಮೊದಲ್ನೇ ಕೀಪರ್ ಅಂತ ವೇದವತಿ ಮೇಡಂ ಹೇಳಿದ್ರು. ಆದ್ರೆ ಸ್ವಂತ ಕಿಟ್ ಇರ್ಬೇಕಂತೆ. ಕಾಲೇಜಿನ ಪ್ಯಾಡ್ ಹಾಕ್ಕೊಂಡ್ರೆ ಅಲ್ಲಿ ಗ್ರೌಂಡಿಗೇ ಬಿಡಲ್ವಂತೆ."

"ಎಷ್ಟಾಯ್ತದೆ?" ಎಂದ ಮೋಹನ್‌ಕುಮಾರ್. ಅವನದು ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಕಟ್ಟುವ ಅಂಗಡಿ.

"ಕಾಲಿಗೆ ಪ್ಯಾಡು, ಪಾದಕ್ಕೆ ಕಿಕ್ಕರು, ಹೆಲ್ಮೆಟ್ಟು, ಎದೆಗೆ ಗಾರ್ಡು, ಗ್ಲೌಸು, ಎಲ್ಲ ಸೇರಿ ಮೂವತ್ನಾಲ್ಕು ಸಾವಿರ."

ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಮೂವತ್ನಾಲ್ಕು ಸಾವ್ರಕ್ಕೆ ತಾಲ್ಲೂಕಲ್ಲಿ ಎಷ್ಟ್ ಮೋಟ್ರು ಸುಡ್ಬೇಕು ಗೊತ್ತಾ ನಿಂಗೆ?"

"ಒಂದು ಚೆಂಡು ತಡಿಯೋಕೆ ಅಷ್ಟೊಂದಾ?" ಚಿಕ್ಕಲಕ್ಷ್ಮಮ್ಮ ಉಪ್ಪುಸಾರು ಬಿಡುತ್ತ ಕೇಳಿದಳು. "ಅಲ್ಲೊಂದು ಬಾಗ್ಲಿಟ್ಟು ಅಗ್ಳಿ ಆಕಿದ್ರಾಗಕಿಲ್ವಾ?"

ಸೊಸೆ ಆಶಾರಾಣಿ ನಗಲಿಲ್ಲ. ಅವಳು ಆಶಾ ಕಾರ್ಯಕರ್ತೆ. ಹೆಸರಿಗೆ ತಕ್ಕ ಕೆಲಸ ಸಿಕ್ಕಿದ್ದು ಇಡೀ ತಾಲ್ಲೂಕಿಗೆ ಇವಳೊಬ್ಬಳಿಗೇ ಎಂದು ಮಾವ ತಮಾಷೆ ಮಾಡುತ್ತಿದ್ದ. "ನನ್ ಚೀಟಿ ದುಡ್ಡು ಬತ್ತದೆ ಈ ತಿಂಗ್ಳು, ಇಪ್ಪತ್ತೆರಡು ಸಾವ್ರ. ತಗೊಳ್ಳಿ. ಅದರ್ಮೇಲೆ ನನ್ನತ್ರ ಒಂದ್ ಪೈಸಾನೂ ಇಲ್ಲ" ಎಂದಳು.

"ಇಪ್ಪತ್ತೆರಡಕ್ಕೇ ತತ್ತೀನಿ ಬುಡವ್ವ!" ಎಂದ ರಾಮಣ್ಣ. "ಮೂವತ್ನಾಲ್ಕು ಅಂತ ಏಳೋದು ಅವನ ಧರ್ಮ. ಇಳ್ಸೋದು ನನ್ ಕರ್ಮ."

"ತಾತ, ಅಲ್ಲೆಲ್ಲ ಚೌಕಾಸಿ ನಡ್ಯಲ್ಲ. ಬೆಲೆ ಡಬ್ಬದ ಮೇಲೇ ಪ್ರಿಂಟ್ ಆಗಿರ್ತದೆ ಕಣೋ."

"ಪ್ರಿಂಟಾಗಿರೋದು ಓದೋರ್ಗೆ ಕಣ್ ಮಗ. ನಂಗೆ ಓದಕ್ಕೇ ಬರಕಿಲ್ವಲ್ಲ!"

ಎಲ್ಲರೂ ನಕ್ಕರು. ಆ ನಗು ಆ ಮನೆಯಲ್ಲಿ ಬಹಳ ದಿನ ಉಳಿಯಲಿಲ್ಲ.

ಭಾನುವಾರ ತಾತ, ಮೊಮ್ಮಗಳು ಹಾಸನಕ್ಕೆ ಹೋದರು. ಆಟದ ಸಾಮಾನಿನ ಅಂಗಡಿ ಮೊದಲನೇ ಮಹಡಿಯಲ್ಲಿ. ಮಾಲೀಕ ನಟರಾಜ ತಾನೂ ಒಂದು ಕಾಲಕ್ಕೆ ಹಾಕಿ ಆಡಿದವನೇ. ಷಟಲ್ ಬ್ಯಾಟಿಗೆ ದಾರ ಬಿಗಿಯುತ್ತ ಕೂತಿದ್ದ. ಒಬ್ಬ ಪಿ.ಟಿ. ಮೇಷ್ಟ್ರು ವಾಲಿಬಾಲುಗಳನ್ನು ಒಂದೊಂದಾಗಿ ನೆಲಕ್ಕೆ ಕುಟ್ಟಿ ನೋಡುತ್ತಿದ್ದರು. ಇನ್ನಿಬ್ಬರು ಶೂ ಆರಿಸುತ್ತಿದ್ದರು. ಸ್ನೇಹ ಪ್ಯಾಡು, ಹೆಲ್ಮೆಟ್ಟು ಹಾಕಿಕೊಂಡು ಅಳತೆ ನೋಡಿದಳು. ಕನ್ನಡಿಯಲ್ಲಿ ತನ್ನನ್ನು ತಾನು ಒಂದು ಕ್ಷಣ ಹೆಚ್ಚಾಗಿಯೇ ನೋಡಿಕೊಂಡಳು. ಪ್ರಾಕ್ಟೀಸಿಗೆ ಹೊತ್ತಾಯಿತೆಂದು ಎಲ್ಲ ಬಿಚ್ಚಿಟ್ಟು, "ತಾತ, ಹೆಚ್ಗೆ ಎಳೀಬೇಡ, ಸಿಕ್ಕಷ್ಟಕ್ಕೆ ತಗೊಂಡ್ಬಾ" ಎಂದು ಹೇಳಿ ಮೈದಾನಕ್ಕೆ ಓಡಿದಳು.

ಅವಳ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಅಡಗಿದ್ದೇ ರಾಮಣ್ಣ ಶುರು ಮಾಡಿದ. ಪ್ಯಾಡನ್ನು ಎತ್ತಿನ ಭುಜದ ಹಿಣಿಲಿನ ಹಾಗೆ ಒತ್ತಿದ.

"ಇದು ಎಷ್ಟ್ ದಿನದಿಂದ ಕೊಟ್ಟಿಗೇಲಿ ಬಿದ್ದೈತೆ ಸಾ?"

"ಕೊಟ್ಟಿಗೆಯಲ್ಲ ಯಜಮಾನ್ರೆ, ಗೋಡೌನು. ಹೋದ ತಿಂಗಳು ಜಲಂಧರದಿಂದ ಬಂದ ಮಾಲು."

"ಅಷ್ಟ್ ದೂರದಿಂದ ಬಂದಿದ್ಕೇ ಒಣಗೋಗೈತೆ. ಸ್ಪಂಜಲ್ಲಿ ಕಸುವಿಲ್ಲ. ಈ ಹೊಲಿಗೆ ನೋಡಿ, ಓರೆ ಐತೆ. ಹದಿನೆಂಟ್ ಮಾಡ್ಕಳಿ."

ನಟರಾಜ ನಕ್ಕ. ನಗುತ್ತಲೇ ಮೂವತ್ತಕ್ಕೆ ಇಳಿದ. ರಾಮಣ್ಣ ಎದ್ದು ಮೆಟ್ಟಿಲ ತನಕ ಹೋದ, ವಾಪಸ್ಸು ಬಂದ, ಇಪ್ಪತ್ತೇಳಾಯಿತು. ಮತ್ತೆ ಹೋದ, ಬಂದ, ಇಪ್ಪತ್ತೈದಾಯಿತು. ಮೂರನೇ ಸಲ ಹೆಗಲ ಮೇಲಿನ ಟವೆಲು ಹಾಸಿ ನಟರಾಜನ ಬೆರಳು ಹಿಡಿಯಹೋದ. "ಏನ್ರೀ ಇದು, ಕೈ ಬಿಡ್ರೀ, ಕಚಗುಳಿ ಆಗ್ತದೆ!" ಎಂದು ನಟರಾಜ ಕೂಗಿಕೊಂಡ. ಮೇಷ್ಟ್ರು ವಾಲಿಬಾಲು ಬಿಟ್ಟು ನಕ್ಕರು. "ಇಪ್ಪತ್ತೈದು. ಇನ್ನೊಂದು ರೂಪಾಯೀನೂ ಆಗಲ್ಲ" ಎಂದು ನಟರಾಜ ದಾರದ ಕಡೆ ತಿರುಗಿದ.

ಒಳಜೇಬಿನಲ್ಲಿ ಸೊಸೆಯ ಇಪ್ಪತ್ತೆರಡೇ ಇತ್ತು.

ದಳ್ಳಾಳಿಗಳಲ್ಲಿ ಒಂದು ಪಟ್ಟು ಉಂಟು. ಎತ್ತು ಕೊಳ್ಳುವಾಗ ಎತ್ತನ್ನು ಹಳಿಯಬೇಕು. ಆದರೆ ಎತ್ತಿಗೆ ನೊಗವನ್ನೋ ಗೆಜ್ಜೆಯನ್ನೋ ಕೊಳ್ಳುವಾಗ ಸ್ವಂತ ಎತ್ತನ್ನೇ ಹಳಿಯಬೇಕು. ಮುದಿಯಾಗಿದೆ, ಕುಂಟುತ್ತೆ, ಇನ್ನೊಂದು ಬೇಸಾಯ ಎಳೆದರೆ ಪುಣ್ಯ, ಇದಕ್ಯಾಕೆ ಇಷ್ಟು ಬೆಲೆಯ ನೊಗ ಎಂದು ಮುಖ ಸಣ್ಣದು ಮಾಡಿದರೆ ಬಡಗಿ ಕರಗುತ್ತಾನೆ. ಇದನ್ನು ರಾಮಣ್ಣ ನೂರು ಸಲ ಮಾಡಿದ್ದ. ಎತ್ತುಗಳು ಒಂದು ಸಲವೂ ಬೇಜಾರು ಮಾಡಿಕೊಂಡಿರಲಿಲ್ಲ. ನಾಲಗೆ ತಾನು ಬಲ್ಲ ದಾರಿಯನ್ನೇ ಹಿಡಿಯಿತು.

"ನಿಜ ಏಳ್ಬುಡ್ತೀನಿ ಸಾ. ಆ ಉಡುಗಿ ಇನ್ನೆಷ್ಟ್ ದಿನ ಆಡ್ತಾಳೆ ಅನ್ಕಂಡಿದೀರಿ? ಎಡದ್ ಮಂಡಿ ಓಗೈತೆ. ಮುಂಗಾಲು ಎಳೀತಾಳೆ ಸಾ. ಆಗ್ಲೇ ನಿಮ್ಮುಂದೆ ಎಂಗೋ ಹಲ್ಕಚ್ಕಂಡು ನಿಂತಿದ್ಲು. ಸಂಕ್ರಾಂತಿ ಕಳೆದ್ರೆ ಮದ್ವೆ, ಅರ್ಕಲ್ಗೂಡ್ ಕಡೆ ಗಂಡು ಗೊತ್ತಾಗೈತೆ. ಇದೊಂದಾಟ ಆಡ್ಲಿ ಅಂತ ಮನೇರ ಆಸೆ. ಒಂದಾಟಕ್ಕೆ ಇಪ್ಪತ್ತೈದು ಸಾವ್ರ ಎಂಗೆ ಸುರೀಲಿ ನೀವೇ ಏಳಿ."

ನಟರಾಜ ದಾರ ಬಿಟ್ಟು ತಲೆ ಎತ್ತಿದ. "ಅಯ್ಯೋ, ಹೌದಾ? ಪಾಪ" ಎಂದ. ಮೇಷ್ಟ್ರು ಕೂಡ ತ್ಚು ತ್ಚು ಎಂದರು. ಇಪ್ಪತ್ತೆರಡಕ್ಕೆ ಮಾಲು ಮೂಟೆಯಾಯಿತು.

ಮನೆಗೆ ಬಂದ ರಾಮಣ್ಣ ಆ ಸಂಜೆ ನಡುಮನೆಯನ್ನೇ ನಾಟಕಶಾಲೆ ಮಾಡಿದ. ಅಣಕ ಅವನಿಗೆ ಹುಟ್ಟಿನಿಂದ ಬಂದದ್ದು. ಹೆಲ್ಮೆಟ್ಟು ತಲೆಗೇರಿಸಿಕೊಂಡು ಒಮ್ಮೆ ನಟರಾಜನಾದ, ಅದನ್ನು ತೆಗೆದು ಒಮ್ಮೆ ರಾಮಣ್ಣನಾದ. "ಕೈ ಬಿಡ್ರೀ, ಕಚಗುಳಿ ಆಗ್ತದೆ" ಎಂಬಲ್ಲಿ ಮೋಹನ್‌ಕುಮಾರ್ ಹೊಟ್ಟೆ ಹಿಡಿದುಕೊಂಡ. ಆಶಾರಾಣಿ ಪ್ಯಾಡುಗಳನ್ನು ಸವರಿ ನೋಡಿ ಗೋಡೆಗೆ ಒರಗಿಸಿಟ್ಟಳು. ಸ್ನೇಹ ತಾತನ ಕೆನ್ನೆ ಹಿಂಡಿ, "ನೀನೊಬ್ಬ ಇದ್ರೆ ಸಾಕು ಕಣೋ ಮುದ್ಕ" ಎಂದಳು. ಆಟದ ಎಲ್ಲ ದೃಶ್ಯಗಳೂ ಬಂದವು. ಇಪ್ಪತ್ತೈದು ಹೇಗೆ ಇಪ್ಪತ್ತೆರಡಾಯಿತು ಎಂಬ ದೃಶ್ಯವನ್ನು ಮಾತ್ರ ರಾಮಣ್ಣ ಹಾರಿಸಿದ. ಯಾಕೆ ಹಾರಿಸಿದೆ ಎಂದು ಅವನಿಗೂ ಆಗ ಹೊಳೆಯಲಿಲ್ಲ.

ಎರಡು ವಾರ ಕಳೆದ ಮೇಲೆ, ಮಂಗಳವಾರ ಸಂಜೆ, ತಂಡದ ಪಟ್ಟಿ ಸ್ನೇಹಳ ಫೋನಿಗೆ ಬಂತು. ಗೋಲ್‌ಕೀಪರ್: ಆರತಿ, ಹೊಳೆನರಸೀಪುರ. ಸ್ಟ್ಯಾಂಡ್‌ಬೈ: ಸ್ನೇಹಲತಾ, ಚನ್ನರಾಯಪಟ್ಟಣ. ಅವಳು ಮೂರು ಸಲ ಓದಿ, ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಹಿತ್ತಿಲಿಗೆ ಹೋದಳು.

ಮಾರನೇ ದಿನ ಕಾಲೇಜಿನಿಂದ ಬಂದವಳು ಚೀಲವನ್ನೂ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. ಆಶಾರಾಣಿ ಹುರುಳಿ ಬಸಿಯುತ್ತಿದ್ದಳು.

"ಅಮ್ಮ, ಮೇಡಂ ಹತ್ರ ಏನ್ ಹೇಳಿದೀಯ?"

"ನಾನಾ? ನಾನ್ಯಾವಾಗ ನಿಮ್ ಮೇಡಮ್ಮನ್ನ ನೋಡ್ದೆ?"

"ಸುಳ್ ಹೇಳ್ಬೇಡ. ನನ್ ಮಂಡಿ ಹೋಗಿದೆಯಂತೆ, ಸಂಕ್ರಾಂತಿಗೆ ಮದ್ವೆಯಂತೆ. ಮನೆಯವರೇ ಹೇಳಿದ್ದು ಅಂದ್ರು. ಮಂಡಿ ನೋವಿತ್ತಾ ಅಂತ ಕೇಳಿದ್ರು. ಹೋದ್ ತಿಂಗ್ಳು ಎರಡ್ ದಿನ ಇತ್ತು, ಈಗಿಲ್ಲ ಅಂದೆ. ನೋಡಿದ್ಯಾ, ಇತ್ತಲ್ಲ ಅಂದ್ರು. ಮಂಡಿಗೆ ಶಾಖ ಕೊಟ್ಟಿದ್ದು ಯಾರು? ನೀನು. ಅರಕಲಗೂಡಿಂದ ಸಂಬಂಧ ತಂದಿದ್ದು ಯಾರು? ನಿನ್ನಣ್ಣ."

"ಸಂಬಂಧ ಬೇಡ ಅಂತ ಅವತ್ತೇ ಕಳ್ಸಿದ್ನಲ್ಲೇ!"

"ಬೇಡ ಅನ್ಲಿಲ್ಲ. ನೋಡೋಣ ಅಂದೆ. ನಾನು ಕೇಳಿಸ್ಕೊಂಡೆ."

ನೋಡೋಣ ಅಂದದ್ದು ನಿಜವೇ; ಬಂದವರ ಮುಖ ಮುರಿಯಬಾರದೆಂದು ಯಾರಾದರೂ ಅನ್ನುವ ಮಾತು ಅದು. ಹುರುಳಿಕಟ್ಟು ಪಾತ್ರೆ ತುಂಬಿ ನೆಲಕ್ಕೆ ಹರಿಯಿತು.

ರಾಮಣ್ಣ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿದ. ಎದ್ದು ಒಳಗೆ ಹೋಗಬೇಕು, ಒಂದೇ ಮಾತು ಹೇಳಬೇಕು. ಕಾಲೇನೋ ಎದ್ದವು, ಎದ್ದು ಮಾದಮ್ಮನ ಸೊಪ್ಪಿನ ಗಾಡಿಯ ತನಕ ನಡೆದುಬಿಟ್ಟವು. ಆವತ್ತು ದಂಟಿನಸೊಪ್ಪನ್ನು ಅವಳು ಹೇಳಿದ ಬೆಲೆಗೇ ಕೊಂಡ. "ಯಾಕ್ ರಾಮಣ್ಣೋರೆ, ಮೈಗೆ ಉಸಾರಿಲ್ವಾ?" ಎಂದು ಮಾದಮ್ಮ ಗಾಬರಿಯಾದಳು.

ಆಮೇಲೆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಮಾತು ಆರಿಹೋಗಿತ್ತು. ಸ್ನೇಹ ಬೆಳಿಗ್ಗೆ ಅಮ್ಮ ಕಟ್ಟಿಟ್ಟ ಡಬ್ಬಿಯನ್ನು ಬಿಟ್ಟು ಬಸ್ಸಿಗೆ ಹೋಗುವಳು. ಆಶಾರಾಣಿ ಆ ಡಬ್ಬಿಯನ್ನು ಮಧ್ಯಾಹ್ನ ತಾನೇ ಉಣ್ಣುವಳು. ಮೋಹನ್‌ಕುಮಾರ್ ಹೆಂಡತಿಯ ಮೇಲೆ ರೇಗುವನು: "ನಿನ್ ಇಪ್ಪತ್ತೆರಡು ಸಾವ್ರನೂ ಓಯ್ತು, ಉಡುಗಿ ಜಾಗಾನೂ ಓಯ್ತು. ನಿಮ್ಮಣ್ಣನ ಬಾಯಿಗೊಂದು ಬೀಗ ಆಕ್ಸು." ಅವಳು, "ನಮ್ಮಣ್ಣನ್ನ ಅನ್ಬೇಡಿ" ಎನ್ನುವಳು. ರಾಮಣ್ಣ ಇಬ್ಬರ ನಡುವೆ ಕೂತು ಮುದ್ದೆಯನ್ನು ನುಂಗುವನು. ಮುದ್ದೆ ಅಗಿಯುವ ಪದಾರ್ಥವಲ್ಲ. ಆದರೂ ಅವನಿಗೆ ಅದು ಅಗಿದಷ್ಟೂ ಮುಗಿಯುತ್ತಿರಲಿಲ್ಲ.

ಶನಿವಾರ ಚಿಕ್ಕಲಕ್ಷ್ಮಮ್ಮ ಮೊಮ್ಮಗಳ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದಳು. ರಾಮಣ್ಣ ಕಿಟಕಿಯಾಚೆ ಕಡ್ಡಿಪುಡಿ ತಿಕ್ಕುತ್ತಿದ್ದ.

"ಅಜ್ಜಿ, ಗ್ರೌಂಡಲ್ಲಿ ಈಗ ನಂಗೊಂದ್ ಹೆಸ್ರಿಟ್ಟಿದಾರೆ. ಮುಂಗಾಲು ಅಂತ. ಮುಂಗಾಲು ಬಂತು, ಮುಂಗಾಲು ಹೋಯ್ತು. ಅಂಗಡಿ ನಟರಾಜ್ ಅಂಕಲ್ ಯಾರ್ದೋ ದನಿ ಮಾಡ್ಕೊಂಡು ಹಂಗಂತಾರಂತೆ. ನಂಗೇನ್ ನಾಲ್ಕು ಕಾಲಿದಾವ?"

ಎಣ್ಣೆ ತಟ್ಟುತ್ತಿದ್ದ ಸದ್ದು ನಿಂತಿತು. ರಾಮಣ್ಣನ ಅಂಗೈಯ ಕಡ್ಡಿಪುಡಿ ಉದುರಿತು. ಒಳಗೆ ಸ್ವಲ್ಪ ಹೊತ್ತಾದ ಮೇಲೆ ಎಣ್ಣೆ ತಟ್ಟುವುದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಸಂಜೆ ಹಿತ್ತಿಲಲ್ಲಿ ಹೆಂಡತಿ ಅವನ ಎದುರು ಬಂದು ನಿಂತಳು.

"ಆ ಮಾತಿಗೆ ಎಷ್ಟ್ ಇಳುದ್ವು?"

"ಯಾವ್ ಮಾತು?"

"ಮೂವತ್ತೈದ್ ವರ್ಷ ನಿನ್ ಬಾಯಲ್ಲೇ ಈ ಮುಂಗಾಲು ಕೇಳಿವ್ನಿ. ನಂಗೆ ಏಳ್ಕೊಡ್ಬೇಡ."

"ಮೂರು ಸಾವ್ರ" ಎಂದ ರಾಮಣ್ಣ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಎತ್ತಿಗೂ ಎಣ್ಮಗೂಗೂ ವ್ಯತ್ಯಾಸ ಇಲ್ಲ ನಿಂಗೆ? ಆಶಾ ಮೂರ್ ದಿನದಿಂದ ನೆಟ್ಗೆ ಉಂಡಿಲ್ಲ. ನಾನೇಳಾಕಿಲ್ಲ. ನೀನೇ ಏಳ್ಬೇಕು. ಏಳೋಗಂಟ ನಿನ್ ತಟ್ಟೆ ನೀನೇ ತೊಳ್ಕೊ."

ರಾತ್ರಿ ರಾಮಣ್ಣ ತಟ್ಟೆ ಹಿಡಿದು ಬಚ್ಚಲಿಗೆ ಹೋದ. ಹಿಂದೆಯೇ ಆಶಾರಾಣಿ ಬಂದಳು. "ಇದೇನ್ ಮಾವ, ನೀವ್ ತೊಳೆಯೋದಾ? ಬಿಡಿ, ಕೊಡಿ ಇಲ್ಲಿ. ನನ್ ಮೇಲೆ ನಿಮ್ಗೂ ಕೋಪನಾ?" ಎಂದು ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಬೂದಿಯಲ್ಲಿ ತಿಕ್ಕಿ ಬೆಳ್ಳಗೆ ತೊಳೆದು ದಬ್ಬಾಕಿದಳು. ಅವನು ಒದ್ದೆ ಕೈ ಜೋಲು ಬಿಟ್ಟುಕೊಂಡು ಅಲ್ಲೇ ನಿಂತಿದ್ದ. ಹೇಳಿಬಿಡಬೇಕೆಂದೇ ಇದ್ದ. ಆದರೆ ತಟ್ಟೆ ತೊಳೆದುಕೊಟ್ಟವಳ ಎದುರಿಗೆ ಅದನ್ನು ಹೇಳುವುದು ಬಯ್ದವಳ ಎದುರಿಗೆ ಹೇಳುವುದಕ್ಕಿಂತ ಕಷ್ಟ ಎಂದು ಅವನಿಗೆ ಆಗ ಗೊತ್ತಾಯಿತು. ಹೇಳಲಿಲ್ಲ. ನಾಳೆ ಎಂದುಕೊಂಡ.

ನಾಳೆ ಎಂಬುದು ಅರಕಲಗೂಡಿನ ಬಸ್ಸಿನಲ್ಲಿ ಬಂತು. ಆಶಾರಾಣಿಯೇ ಅಣ್ಣ ಪುಟ್ಟಸ್ವಾಮಿಗೆ ಫೋನು ಮಾಡಿದ್ದಳು. ಅವನು ಒಂದು ಚಿಪ್ಪು ಬಾಳೆಹಣ್ಣು, ಸೋದರಸೊಸೆಗೆಂದು ಒಂದು ಪೊಟ್ಟಣ ಖಾರಾಬೂಂದಿ ಹಿಡಿದು ಬಂದ. ಕೂತು ನೀರು ಕುಡಿಯುವಷ್ಟರಲ್ಲಿ ಮೋಹನ್‌ಕುಮಾರ್ ಕೇಳಿಯೇಬಿಟ್ಟ.

"ಅಲ್ಲ ಭಾವ, ನಮ್ ಮಗಳ್ ಮದ್ವೇನ ಆಸನದ ಬೀದೀಲೆಲ್ಲ ಸಾರ್ಕಂಡ್ ಬಂದಿದೀರಲ್ಲ, ಲಗ್ನಪತ್ರಿಕೇನೂ ಒಡ್ಸಿದ್ದೀರೋ?"

ಪುಟ್ಟಸ್ವಾಮಿ ಲೋಟ ಕೆಳಗಿಟ್ಟ. "ಆಸನಕ್ಕೆ ನಾನ್ ಓಗಿ ಆರ್ ತಿಂಗ್ಳಾಯ್ತು ಕಣಪ್ಪ. ನೋಡೋಣ ಅಂದ್ರಿ, ಸುಮ್ಕಾದೆ. ನಮ್ಮಪ್ಪನಾಣೆ, ಆ ಗಂಡಿನ ಮನೇರ್ಗೂ ನಾನ್ ತಿರುಗಿ ಮಾತಾಡಿಲ್ಲ."

"ಹಂಗಾದ್ರೆ ಗಾಳಿ ಏಳ್ತಾ?"

"ಮಾವ, ನೀವ್ ಹೇಳಿಲ್ಲಾಂದ್ರೆ ಇನ್ಯಾರು ಹೇಳ್ತಾರೆ?" ಎಂದು ಸ್ನೇಹ ಬಾಗಿಲ ಹಿಂದಿನಿಂದ ಕೇಳಿದಳು.

ಚಿಕ್ಕಲಕ್ಷ್ಮಮ್ಮ ಎಲೆ ಹಾಕಿಯಾಗಿತ್ತು. ನಾಟಿ ಕೋಳಿ ಸಾರಿನ ಘಮ ಬೀದಿಗೆ ಹೊಡೆಯುತ್ತಿತ್ತು. ಪುಟ್ಟಸ್ವಾಮಿ ಎಲೆಯನ್ನು ನೋಡಿದ, ತಂಗಿಯನ್ನು ನೋಡಿದ, ಎದ್ದ. "ಈ ಮಾತ್ ಕೇಳಿದ್ ಮನೇಲಿ ನಂಗೆ ಅನ್ನ ಇಳಿಯಾಕಿಲ್ಲ ಕಣವ್ವ. ನೀನು ಅಳ್ಬೇಡ." ಮೆಟ್ಟು ಮೆಟ್ಟಿಕೊಂಡು ಹೊರಟ.

ಎಲೆ ಬಿಟ್ಟೆದ್ದ ನೆಂಟ ಬೀದಿ ತಿರುವು ದಾಟುವಷ್ಟರಲ್ಲಿ ರಾಮಣ್ಣ ಬರಿಗಾಲಲ್ಲಿ ಓಡಿ ಅವನ ರಟ್ಟೆ ಹಿಡಿದಿದ್ದ.

"ಬಾರಪ್ಪ. ನಾನ್ ಒಂದ್ ಮಾತೇಳ್ತೀನಿ. ಕೇಳ್ಬುಟ್ಟು ಓಗು. ನಿನ್ ಮುಂದೇ ಏಳ್ಬೇಕು."

ಎಳೆದು ತಂದು ನಡುಮನೆಯಲ್ಲಿ ನಿಲ್ಲಿಸಿದ. ಎಲ್ಲರೂ ನಿಂತೇ ಇದ್ದರು. ಜೀವಮಾನವೆಲ್ಲ ಮಾತು ಮಾರಿ ಉಂಡವನಿಗೆ ಆಗ ಒಂದು ಪೀಠಿಕೆಯೂ ಸಿಗಲಿಲ್ಲ.

"ಏಳ್ದೋನು ನಾನು. ಅಂಗ್ಡೀಲಿ. ಇಪ್ಪತ್ತೈದಕ್ಕೆ ನಿಂತ್ಬುಟ್ಟ, ನನ್ ಜೇಬಲ್ಲಿ ಇಪ್ಪತ್ತೆರಡಿತ್ತು. ಉಡುಗಿಗೆ ಮಂಡಿ ಓಗೈತೆ, ಮದ್ವೆ ಗೊತ್ತಾಗೈತೆ ಅಂದೆ. ಮುಂಗಾಲು ಅಂದೋನೂ ನಾನೇ. ಆಶಾ ಏನೂ ಏಳಿಲ್ಲ. ಇವ್ನೂ ಏಳಿಲ್ಲ."

ಮೋಹನ್‌ಕುಮಾರ್ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ. ಆಶಾರಾಣಿ ಸೆರಗಿನಿಂದ ಮುಖ ಒರೆಸಿಕೊಂಡು, "ಅಣ್ಣ, ಕೂತ್ಕೊ. ಮಾವ, ನೀವೂ ಕೂತ್ಕೊಳ್ಳಿ. ಅನ್ನ ಆರ್ತದೆ" ಎಂದಳು. ಅಷ್ಟೇ ಅಂದಳು. ಬಯ್ಯಬಾರದಿತ್ತೇ ಇವಳು, ಒಂದು ಮಾತು ಬಯ್ಯಬಾರದಿತ್ತೇ ಎಂದು ರಾಮಣ್ಣನಿಗೆ ಅನಿಸಿತು.

ಸ್ನೇಹ ಅವನ ಹತ್ತಿರ ಬಂದಳು.

"ಮೂರು ಸಾವಿರಕ್ಕಾ?"

"ಊ ಕಣವ್ವ."

"ನನ್ನ ಕೇಳಿದ್ರೆ ಗ್ಲೌಸು ಬೇಡ ಅಂತಿದ್ದೆ. ಹಳೇದ್ರಲ್ಲೇ ಆಡ್ತಿದ್ದೆ." ಅವಳು ಅಳಲಿಲ್ಲ. "ನಾಳೆ ನನ್ನ ಜೊತೆ ಬನ್ನಿ ತಾತ. ಮೇಡಂ ಮುಂದೆ ಹೇಳಿ. ಆಮೇಲೆ ಅಂಗಡೀಲೂ ಹೇಳಿ, ಜನ ಇದ್ದಾಗ."

ಹುಟ್ಟಿದಾಗಿನಿಂದ ತಾತನಿಗೆ ನೀನು, ಬಾರೋ, ಹೋಗೋ ಎಂದೇ ಕರೆದವಳು. ಆವತ್ತು ಬನ್ನಿ, ಹೇಳಿ ಎಂದಳು. ಆ ಮರ್ಯಾದೆ ಕೆನ್ನೆಗೆ ಹೊಡೆದಷ್ಟು ಉರಿಯಿತು.

ವೇದವತಿ ಮೇಡಂ ಮೈದಾನದ ಅಂಚಿನಲ್ಲಿ ಸೀಟಿ ಕತ್ತಿಗೆ ಹಾಕಿಕೊಂಡು ನಿಂತಿದ್ದರು. ರಾಮಣ್ಣ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

"ಯಜಮಾನ್ರೆ, ಆವತ್ತು ಸುಳ್ಳು ಹೇಳಿದೆ ಅಂತ ಇವತ್ತು ಹೇಳ್ತಿದೀರ. ಇವತ್ತು ಹೇಳ್ತಿರೋದು ಸುಳ್ಳಲ್ಲ ಅಂತ ನಾನು ಹ್ಯಾಗೆ ನಂಬೋದು? ಆವತ್ತು ದುಡ್ಡು ಉಳೀಬೇಕಿತ್ತು. ಇವತ್ತು ಮೊಮ್ಮಗಳ ಜಾಗ ಉಳೀಬೇಕು."

"ನಡುಸ್ ನೋಡಿ ತಾಯಿ! ಓಡುಸ್ ನೋಡಿ! ಎಡಗಾಲ್ ಎತ್ಸಿ..." ಎಂದು ರಾಮಣ್ಣ ಕೈ ಬೀಸಿದ. ಬೀಸಿದ ಕೈ ಅರ್ಧದಲ್ಲೇ ನಿಂತಿತು. ಎತ್ತನ್ನು ಗಿರಾಕಿಯ ಮುಂದೆ ಆಚೀಚೆ ಓಡಾಡಿಸಲು ಬೀಸುವ ಕೈ ಅದು. ಸ್ನೇಹ ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದಳು.

ಮೇಡಂ ಸೀಟಿಯನ್ನು ಕತ್ತಿನಿಂದ ತೆಗೆದರು. "ಡಾಕ್ಟರಿಗೆ ತೋರಿಸಿ ಅಂತ ನಾನೂ ಹೇಳ್ಬೇಕಿತ್ತು. ಮನೆಯವರ ಮಾತು ಅಂತ ನಂಬಿಬಿಟ್ಟೆ. ಪಟ್ಟಿ ಬೆಂಗಳೂರಿಗೆ ಹೋಗಾಯ್ತು, ಇನ್ನು ತಿದ್ದೋ ಹಾಗಿಲ್ಲ. ಸ್ನೇಹ ಬಳ್ಳಾರಿಗೆ ಬರ್ತಾಳೆ, ಬೆಂಚಲ್ಲಿ ಕೂತ್ಕೋತಾಳೆ. ಆರತಿಗೆ ಏನಾದ್ರೂ ಪೆಟ್ಟಾದ್ರೆ ಮಾತ್ರ ಆಟ. ಹಾಗಾಗ್ಲಿ ಅಂತ ಮತ್ತೆ ಹರಕೆ ಹೊತ್ಕೋಬೇಡಿ."

"ಇಲ್ಲ ತಾಯಿ" ಎಂದ ರಾಮಣ್ಣ. ತಲೆ ಎತ್ತಲಿಲ್ಲ.

ಅಂಗಡಿಯಲ್ಲಿ ಆರೇಳು ಜನರಿದ್ದರು. ಅವನು ಮೆಟ್ಟಿಲು ಹತ್ತಿ ಒಳಗೆ ಬರುತ್ತಲೇ ನಟರಾಜ ಸಂತೋಷದಿಂದ, "ಬನ್ನಿ ಬನ್ನಿ ಯಜಮಾನ್ರೆ! ಮುಂಗಾಲು ಎಳೀತಾಳೆ ಸಾ!" ಎಂದು ಅವನದೇ ದನಿ ತೆಗೆದ. ತದ್ರೂಪು. ಉಸಿರೆಳೆಯುವ ರೀತಿ, ಕೊನೆಗೆ ಮುಖ ಸಣ್ಣದು ಮಾಡುವ ರೀತಿ, ಎಲ್ಲ ತದ್ರೂಪು. ಜನ ನಕ್ಕರು. ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ರಾಮಣ್ಣನಿಗೆ ಅದೇ ಮೊದಲು. ಎಷ್ಟು ಜಿಪುಣ ದನಿ ಅದು! ರಾಮಣ್ಣನ ಹಿಂದೆ ನಟರಾಜನಿಗೆ ಸ್ನೇಹ ಕಂಡಳು. ಅವನ ನಗು ಇಂಗಿತು.

ರಾಮಣ್ಣ ಅಂಗಡಿಯ ನಡುವೆ ನಿಂತು ಹೇಳಿದ. "ಅಯ್ಯಾ, ಎಲ್ರೂ ಕೇಳಿ. ಅದು ಸುಳ್ಳು. ಇವ್ಳು ನನ್ ಮೊಮ್ಮಗ್ಳು. ಇವ್ಳ ಕಾಲು ಸರ್ಯಾಗೈತೆ. ಮದ್ವೆ ಇಲ್ಲ ಏನಿಲ್ಲ. ಮೂರು ಸಾವ್ರ ಇಳ್ಸೋಕೆ ನಾನಾಡಿದ್ ಮಾತು. ಆ ಮಾತ್ಗೆ ಇವ್ಳ ಜಾಗ ಓಯ್ತು."

ನಟರಾಜ ಗಲ್ಲಾದಿಂದ ಎದ್ದು ಬಂದ.

"ನಾನು ತಮಾಷೆಗೆ ಹೇಳ್ಕೊಂಡು ಓಡಾಡ್ದೆ ಯಜಮಾನ್ರೆ. ಮೇಡಂ ಕಿವಿಗೆ ಬೀಳ್ತದೆ ಅಂತ ಗೊತ್ತಿರ್ಲಿಲ್ಲ. ಆದ್ರೆ ಮೂರು ಸಾವಿರ ಅಂದ್ರಲ್ಲ..." ಅವನು ಕಪಾಟಿನಲ್ಲಿದ್ದ ಅಂಥದೇ ಕಿಟ್ ತೋರಿಸಿದ. "ಪ್ರಿಂಟ್ ಬೆಲೆ ಇರೋದು ಏನೂ ಗೊತ್ತಿಲ್ದೆ ಬರೋರಿಗೆ, ಬಿಲ್ ಬೇಕು ಅನ್ನೋ ಸ್ಕೂಲುಗಳಿಗೆ. ಆಡೋ ಮಕ್ಕಳಿಗೆ ಆ ಕಿಟ್ ಇಪ್ಪತ್ತೆರಡೇ. ನೀವು ಆ ಮಾತು ಆಡಿರ್ಲಿ ಬಿಡ್ಲಿ, ಅಷ್ಟಕ್ಕೇ ಕೊಡ್ತಿದ್ದೆ. ನೀವು ಎದ್ದೆದ್ದು ಮೆಟ್ಟಿಲ ತನಕ ಹೋಗ್ತಿದ್ರಲ್ಲ, ಮಜಾ ಇತ್ತು, ಇನ್ನಷ್ಟು ಹೊತ್ತು ಎಳೆದೆ. ಹೊಳೆನರಸೀಪುರದ ಆರತಿ ಅವರಪ್ಪ ಬಂದು ಎಷ್ಟು ಅಂತ ಕೇಳಿದ್ರು. ಅವರಿಗೂ ಇಪ್ಪತ್ತೆರಡೇ."

ರಾಮಣ್ಣ ಗೋಡೆಯ ಕಡೆ ಕೈ ಚಾಚಿದ. ಗೋಡೆ ಸಿಗಲಿಲ್ಲ, ನೇತುಹಾಕಿದ್ದ ಹಾಕಿ ಕೋಲುಗಳು ಸಿಕ್ಕವು. ಒಂದಕ್ಕೊಂದು ತಗುಲಿ ಗಲಗಲ ಎಂದವು. ಹಾಗಾದರೆ ಆ ಮಾತಿಗೆ ಬಂದದ್ದು ಏನು? ಮೂರು ಸಾವಿರವಲ್ಲ. ಮೂರು ಪೈಸೆಯೂ ಅಲ್ಲ.

ಸ್ನೇಹ ಗಲ್ಲಾದ ಹತ್ತಿರ ಹೋದಳು.

"ಅಂಕಲ್, ಪ್ಯಾಡಿಗೆ ಹಾಕೋ ಪಟ್ಟಿ ಒಂದು ಜೊತೆ ಇದೆಯಾ? ಬಳ್ಳಾರೀಲಿ ಒಂದು ಕಿತ್ತೋದ್ರೆ ಇರ್ಲಿ ಅಂತ."

"ಇದೆಯಮ್ಮ. ಇನ್ನೂರೈವತ್ತು."

ಅಂಗಡಿಯಲ್ಲಿದ್ದವರೆಲ್ಲ ರಾಮಣ್ಣನ ಬಾಯಿ ನೋಡಿದರು. ಅವನು ನೆಲ ನೋಡುತ್ತಿದ್ದ.

"ಇನ್ನೂರಕ್ಕೆ ಕೊಡಿ ಅಂಕಲ್. ನನ್ ಹತ್ರ ಅಷ್ಟೇ ಇರೋದು" ಎಂದಳು ಸ್ನೇಹ.

ನಟರಾಜ ಇನ್ನೂರು ತೆಗೆದುಕೊಂಡು ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ರಾಮಣ್ಣ ಹಿಂದೆ ಇಳಿದ. ಇರುವುದು ಇಷ್ಟೇ, ಇದಕ್ಕೆ ಕೊಡಿ ಎಂದು ಕೇಳುವ ಚೌಕಾಸಿಯೊಂದು ಲೋಕದಲ್ಲಿದೆ ಎಂಬುದು ಮೂವತ್ತೈದು ವರ್ಷದ ದಳ್ಳಾಳಿಯಲ್ಲಿ ಅವನಿಗೆ ಒಮ್ಮೆಯೂ ತೋಚಿರಲಿಲ್ಲ.